ಬಣ್ಣ ಹಿಡಿಯದ ಬ್ರಾಕೆಟ್: ಕಾರಿನ ಅಲ್ಯೂಮಿನಿಯಂ ಭಾಗಗಳ ಆನೋಡೈಸಿಂಗ್ ದೋಷಗಳನ್ನು ಪತ್ತೆ ಹಚ್ಚುವ ಬಗೆ

ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಆನೋಡೈಸಿಂಗ್ ಶೆಡ್ಡಿಗೆ, ಅಂದರೆ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಅಲ್ಯೂಮಿನಿಯಂ ಮೇಲೆ ಬಣ್ಣ ಹಿಡಿಯುವ ಪದರ ಬೆಳೆಸುವ ಜಾಗಕ್ಕೆ, ಒಂದು ಗೋಣಿಚೀಲ ಬಂತು. ಹಳೆಯ ಕಾರೊಂದನ್ನು ಹೊಸದಾಗಿಸುತ್ತಿದ್ದ ಹುಡುಗನೊಬ್ಬ ಎಂಜಿನ್ ಕೋಣೆಯ ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ತುಂಬಿ ತಂದಿದ್ದ. ಮುಂಭಾಗದ ಎರಡು ಸಸ್ಪೆನ್ಶನ್ ತುದಿಗಳನ್ನು ಜೋಡಿಸುವ ಸ್ಟ್ರಟ್ ಬಾರ್ ಒಂದು, ಲೇತ್ ಅಂಗಡಿಯಲ್ಲಿ ಮಾಡಿಸಿದ ಬ್ರಾಕೆಟ್ ನಾಲ್ಕು, ಎಂಜಿನ್ನಿನ ವಾಲ್ವ್ ಕವರ್ ಒಂದು. "ಕಾಕಾ, ಎಲ್ಲವೂ ಒಂದೇ ಕಪ್ಪು ಆಗಬೇಕು" ಎಂದ. ಒಂದೇ ದಿನ, ಒಂದೇ ತೊಟ್ಟಿಯಲ್ಲಿ ಎಲ್ಲವನ್ನೂ ಇಳಿಸಿದೆವು.

ಬಣ್ಣದ ತೊಟ್ಟಿಯಿಂದ ಎತ್ತಿದಾಗ ಎರಡು ಬ್ರಾಕೆಟ್ ಮಾತ್ರ ಕೇಳಿದ ಹಾಗೆ ಬಂದಿದ್ದವು. ಮೂರನೆಯದು ಕಂದು ಬೆರೆತ ತೆಳುಗಪ್ಪು. ನಾಲ್ಕನೆಯದಕ್ಕೆ ಬಣ್ಣವೇ ಹತ್ತಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಸ್ಟ್ರಟ್ ಬಾರ್ ಒಪ್ಪವಾದ ಕಪ್ಪು, ಆದರೆ ಬೆಸುಗೆಯ ಗೆರೆಯಷ್ಟೂ ಮಬ್ಬು ಬೂದು. ವಾಲ್ವ್ ಕವರ್ ನೋಡಿದರೆ ಒಲೆಯ ಬೂದಿಯನ್ನು ತೇಪೆ ತೇಪೆಯಾಗಿ ಬಳಿದಂತಿತ್ತು.

"ಅಣ್ಣಾ, ಬಣ್ಣದ ಪುಡಿ ಹಳತಾಗಿದೆ, ಹೊಸದು ತರಿಸೋಣ" ಎಂದ ನನ್ನ ಸಹಾಯಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಕಸುಬಿನಲ್ಲಿ ದಿನವೂ ನಡೆಯುತ್ತದೆ. ಎರಡು ಬ್ರಾಕೆಟ್ಟಿಗೆ ಸರಿಯಾಗಿ ಹತ್ತಿದ ಬಣ್ಣ ಪಕ್ಕದ ಎರಡಕ್ಕೆ ಹಳತಾಗಿರಲು ಸಾಧ್ಯವಿಲ್ಲ. ದೋಷ ಕಣ್ಣಿಗೆ ಬೀಳುವುದು ಬಣ್ಣದ ತೊಟ್ಟಿಯಲ್ಲಿ. ಅದು ಹುಟ್ಟುವುದು ಬಹುಪಾಲು ಅದಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ, ಕೆಲವೊಮ್ಮೆ ಭಾಗ ನಮ್ಮ ಬಾಗಿಲಿಗೆ ಬರುವ ಮೊದಲೇ.

ಆದ್ದರಿಂದ ಯಾವ ತೊಟ್ಟಿಗೂ ಕೈ ಹಾಕುವ ಮೊದಲು ಹಾಳಾದ ಮಾಲನ್ನು ಮೇಜಿನ ಮೇಲೆ ಸಾಲಾಗಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಿ: ದೋಷ ಎಲ್ಲದರಲ್ಲೂ ಇದೆಯೋ, ಕೆಲವದರಲ್ಲಿ ಇದೆಯೋ, ಒಂದೇ ಭಾಗದ ಒಂದೇ ಜಾಗದಲ್ಲಿ ಇದೆಯೋ? ಎಲ್ಲದರಲ್ಲೂ ಇದ್ದರೆ ತೊಟ್ಟಿಗಳನ್ನು ಪರೀಕ್ಷಿಸಿ. ಕೆಲವದರಲ್ಲಿ ಮಾತ್ರ ಇದ್ದರೆ ಲೋಹವನ್ನೂ ವಿದ್ಯುತ್ ಸಂಪರ್ಕವನ್ನೂ ನೋಡಿ. ಒಂದೇ ಜಾಗದಲ್ಲಿದ್ದರೆ ಆ ಜಾಗಕ್ಕೆ ಏನಾಗಿತ್ತು ಎಂದು ವಿಚಾರಿಸಿ. ಅಲ್ಲಿ ಬೆಸುಗೆ ಇರಬಹುದು, ಆಮ್ಲ ಹಿಡಿದಿಟ್ಟ ತೂತು ಇರಬಹುದು, ಬೆರಳಿನ ಜಿಡ್ಡು ಇರಬಹುದು. ನಮ್ಮ ಗೋಣಿಚೀಲದಲ್ಲಿ ಎರಡನೆಯ ಮತ್ತು ಮೂರನೆಯ ಬಗೆಯ ದೋಷಗಳಿದ್ದವು. ತೊಟ್ಟಿಗಳಲ್ಲಿ ಏನೂ ಕೆಟ್ಟಿರಲಿಲ್ಲ.

ಇದು ಯಾವ ಅಲ್ಯೂಮಿನಿಯಂ?

ಪೇಂಟು, ಪೌಡರ್ ಕೋಟಿಂಗ್, ಕ್ರೋಮ್ ಇವೆಲ್ಲ ಹೊರಗಿನಿಂದ ಬಂದು ಲೋಹದ ಮೇಲೆ ಕೂರುತ್ತವೆ. ಆನೋಡೈಸಿಂಗ್‌ನಲ್ಲಿ ಲೋಹದ ಮೈಯೇ ಆಕ್ಸೈಡ್ ಪದರವಾಗಿ ಮಾರ್ಪಡುತ್ತದೆ. ಭಾಗವನ್ನು ಧನ ಧ್ರುವಕ್ಕೆ ಕಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಇಳಿಸಿ ನೇರ ವಿದ್ಯುತ್ ಹರಿಸಿದರೆ ಸೂಕ್ಷ್ಮರಂಧ್ರಗಳಿರುವ ಆಕ್ಸೈಡ್ ಬೆಳೆಯುತ್ತದೆ, ಆ ರಂಧ್ರಗಳಿಗೆ ಬಣ್ಣ ಇಳಿಯುತ್ತದೆ, ಕೊನೆಗೆ ಸೀಲಿಂಗ್ ಮಾಡಿ ಬಾಯಿ ಮುಚ್ಚುತ್ತೇವೆ. ಹಾಗಾಗಿ ಲೋಹದಲ್ಲಿ ಏನೇನು ಬೆರೆತಿದೆಯೋ ಅದೆಲ್ಲವೂ ಪದರದಲ್ಲಿ ಬಂದು ನಿಲ್ಲುತ್ತದೆ. ನಾವು ಹಿಟ್ಟು ಬದಲಿಸದೆ ರೊಟ್ಟಿಯ ರುಚಿ ಬದಲಿಸಲಾರೆವು.

ಆನೋಡೈಸಿಂಗ್‌ಗೆ ಒಗ್ಗುವುದು 5 ಮತ್ತು 6ನೆಯ ಸರಣಿಯ ಮಿಶ್ರಲೋಹಗಳು; ನಾಲ್ಕಂಕಿಯ ಹೆಸರಿನ ಮೊದಲ ಅಂಕಿಯೇ ಸರಣಿ. 6061, 6063, 6082 ಇವೆಲ್ಲ ಸಲೀಸಾಗಿ ಬಣ್ಣ ಹಿಡಿಯುತ್ತವೆ. 2014, 2024ರಂಥವುಗಳಲ್ಲಿ ತಾಮ್ರ ಶೇಕಡಾ 4ರ ಆಸುಪಾಸಿನಲ್ಲಿರುತ್ತದೆ. ಪದರ ತೆಳುವಾಗಿ, ಮೆತ್ತಗಾಗಿ ಬೆಳೆದು ಕಪ್ಪಿಗೆ ಕಂದು ಛಾಯೆ ಬರುತ್ತದೆ. ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ತುಂಬುವ ಡೈ ಎರಕದ ಮಿಶ್ರಲೋಹ ಎಡಿಸಿ 12ರಲ್ಲಿ ಸಿಲಿಕಾನ್ ಶೇಕಡಾ 9.6ರಿಂದ 12ರವರೆಗೆ ಇರುತ್ತದೆ, ಮೇಲೆ ತಾಮ್ರವೂ ಶೇಕಡಾ 1.5ರಿಂದ 3.5. ಸಿಲಿಕಾನ್ ಕಣಗಳು ಆಕ್ಸೈಡ್ ಆಗದೆ ಹಾಗೇ ಪದರದೊಳಗೆ ಸಿಕ್ಕಿಕೊಂಡು ಬೂದು ಬಣ್ಣ ಕೊಡುತ್ತವೆ. ಅಚ್ಚಿನೊಳಗೆ ಲೋಹ ಹರಿದ ಗೆರೆಗಳು ಕೂಡ ತೇಪೆಯಾಗಿ ಎದ್ದು ಕಾಣುತ್ತವೆ. ಕಾರಿನ ಹೌಸಿಂಗುಗಳು, ಕವರುಗಳಲ್ಲಿ ಬಹಳಷ್ಟು ಈ ಜಾತಿಯವೇ.

ಲ್ಯಾಬಿಗೆ ಕಳಿಸದೆ ಶೆಡ್ಡಿನಲ್ಲೇ ಗುರುತಿಸುವ ಹನಿ ಪರೀಕ್ಷೆ ಒಂದಿದೆ. ಇದೊಂದನ್ನು ಪ್ರತಿಯೊಂದು ಆನೋಡೈಸಿಂಗ್ ಶೆಡ್ಡಿನವರೂ ರೂಢಿ ಮಾಡಿಕೊಳ್ಳಬೇಕೆಂದು ನನ್ನ ಬಲವಾದ ಮಾತು. ಭಾಗದ ಕಾಣದ ಮಗ್ಗುಲನ್ನು ಮರಳು ಕಾಗದದಿಂದ ಉಜ್ಜಿ ಹೊಳಪಿಸಿ. ಶೇಕಡಾ 10ರಿಂದ 20ರ ಕಾಸ್ಟಿಕ್ ಸೋಡಾ ದ್ರಾವಣದ ಒಂದು ಹನಿ ಅಲ್ಲಿಟ್ಟು ಐದಾರು ನಿಮಿಷ ಕಾಯಿರಿ, ನೀರಿನಿಂದ ತೊಳೆಯಿರಿ. ಜಾಗ ಬೆಳ್ಳಗೆ ಉಳಿದರೆ ಅಥವಾ ತಿಳಿ ಬೂದಾದರೆ 5, 6ನೆಯ ಸರಣಿ ಎಂದು ಮುಂದುವರಿಯಬಹುದು. ಕಪ್ಪಾದರೆ ಅದೇ ಜಾಗಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದ ನೈಟ್ರಿಕ್ ಆಮ್ಲದ ಒಂದು ಹನಿ ಇಡಿ. ಕಪ್ಪು ಕರಗಿಹೋದರೆ ಅದು ತಾಮ್ರದ ಮಸಿ. ಕರಗದೆ ಗಾಢ ಬೂದಾಗಿ ನಿಂತರೆ ಸಿಲಿಕಾನ್. ಎರಡು ಹನಿಯ ಖರ್ಚಿನಲ್ಲಿ ಒಂದು ದಿನದ ಕೆಲಸ ಉಳಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳದೆ ಮಾತ್ರ ಮಾಡಬೇಡಿ. ಕಾಸ್ಟಿಕ್ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಳೆಯುತ್ತದೆ.

ಕಂದಾಗಿದ್ದ ಮೂರನೆಯ ಬ್ರಾಕೆಟ್ಟಿನ ಮೇಲೆ ಹನಿ ಕಾಡಿಗೆಯಂತಾಯಿತು, ನೈಟ್ರಿಕ್ ಹನಿಗೆ ಪೂರ್ತಿ ಮಾಯವಾಯಿತು. ವಿಚಾರಿಸಿದಾಗ ಲೇತ್ ಅಂಗಡಿಯಲ್ಲಿ ಮೂರು ಬ್ರಾಕೆಟ್ಟಿಗೆ ಸಾಲುವಷ್ಟೇ 6061 ಪಟ್ಟಿ ಇತ್ತಂತೆ, ಇನ್ನೊಂದನ್ನು ಮೂಲೆಯಲ್ಲಿದ್ದ ಗುಜರಿ ತುಂಡಿನಿಂದ ಕೊರೆದಿದ್ದರಂತೆ. ಯಂತ್ರಕ್ಕೆ ಎರಡೂ ಒಂದೇ ರೀತಿ ಕಂಡಿದ್ದವು, ಆಮ್ಲಕ್ಕೆ ಕಾಣಲಿಲ್ಲ. ವಾಲ್ವ್ ಕವರಿನ ಹನಿ ಗಾಢ ಬೂದಾಗಿಯೇ ಉಳಿಯಿತು. ಅದನ್ನು ತೊಟ್ಟಿಗೆ ಇಳಿಸುವ ಮೊದಲೇ ಈ ಪರೀಕ್ಷೆ ಮಾಡಬೇಕಿತ್ತು. ಹುಡುಗನ ಅವಸರಕ್ಕೆ ಒಪ್ಪಿ ನಾನು ಬಿಟ್ಟೆ, ತಪ್ಪು ನನ್ನದೇ.

ಬೆಸುಗೆಯ ಬೂದು ಗೆರೆಯೂ ಇದೇ ಜಾತಿಯ ದೋಷ. ಅಲ್ಯೂಮಿನಿಯಂ ಬೆಸುಗೆಗೆ ಹೆಚ್ಚು ಬಳಕೆಯಲ್ಲಿರುವ 4043 ತಂತಿಯಲ್ಲಿ ಸಿಲಿಕಾನ್ ಶೇಕಡಾ 5ರ ಹತ್ತಿರ ಇರುತ್ತದೆ. ಕೊಳವೆ 6061 ಆಗಿದ್ದರೂ ಬೆಸುಗೆ ಬೇರೆಯದೇ ಲೋಹ. ಆನೋಡೈಸ್ ಆಗಬೇಕಾದ ಭಾಗಕ್ಕೆ ಮೆಗ್ನೀಸಿಯಂ ಇರುವ 5356 ತಂತಿ ಬಳಸುವಂತೆ ಬೆಸುಗೆಯವರಿಗೆ ಮೊದಲೇ ಹೇಳಿ ಕಳಿಸಬೇಕು. ಬೆಸುಗೆ ಮುಗಿದ ಮೇಲೆ ಅದನ್ನು ಸರಿಪಡಿಸುವ ದಾರಿ ನಮ್ಮ ಯಾವ ತೊಟ್ಟಿಯಲ್ಲೂ ಇಲ್ಲ.

ಜೊತೆಗೆ ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಕವರಿನಲ್ಲಿ ಸ್ಟೀಲಿನ ಸ್ಟಡ್, ತೂತಿನಲ್ಲಿ ತಂತಿಯ ಥ್ರೆಡ್ ಇನ್ಸರ್ಟ್, ಎಲ್ಲೋ ಒಂದು ಬುಷ್ ಉಳಿದುಬಿಟ್ಟಿರುತ್ತದೆ. ಸ್ಟೀಲ್, ಹಿತ್ತಾಳೆ, ತಾಮ್ರ ಯಾವುದೂ ಈ ಆಮ್ಲದಲ್ಲಿ ಅಲ್ಯೂಮಿನಿಯಂನಂತೆ ಪದರ ಕಟ್ಟುವುದಿಲ್ಲ. ಕರೆಂಟನ್ನೆಲ್ಲ ತಾವೇ ನುಂಗಿ ಕರಗುತ್ತವೆ, ತೊಟ್ಟಿಯನ್ನೂ ಕೆಡಿಸುತ್ತವೆ. ಹಿತ್ತಾಳೆ, ಕಂಚಿನ ಬುಷ್ಷನ್ನು ಅಯಸ್ಕಾಂತ ಹಿಡಿಯುವುದಿಲ್ಲ, ಸ್ಟೇನ್‌ಲೆಸ್ ತಂತಿಯ ಇನ್ಸರ್ಟನ್ನೂ ಸರಿಯಾಗಿ ಹಿಡಿಯುವುದಿಲ್ಲ. ಅವನ್ನು ಕಣ್ಣಿನಿಂದಲೇ ಹುಡುಕಬೇಕು.

ಬಣ್ಣವೇ ಹತ್ತದ ಭಾಗ

ನಾಲ್ಕನೆಯ ಬ್ರಾಕೆಟ್ಟಿಗೆ ಬರೋಣ. ಬಣ್ಣ ಹತ್ತದಿರಲು ಎರಡೇ ದಾರಿ: ಪದರವೇ ಬೆಳೆದಿಲ್ಲ, ಅಥವಾ ಬೆಳೆದ ಪದರದ ರಂಧ್ರಗಳು ಬಣ್ಣ ತೆಗೆದುಕೊಳ್ಳುತ್ತಿಲ್ಲ. ಇವೆರಡನ್ನೂ ಬೇರ್ಪಡಿಸಲು ಮಲ್ಟಿಮೀಟರ್ ಸಾಕು. ಆಕ್ಸೈಡ್ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಎರಡು ಮುಳ್ಳುಗಳ ಮಗ್ಗುಲನ್ನು ಮೆಲ್ಲಗೆ ಮೈಗೆ ತಾಗಿಸಿ. ಚೂಪು ತುದಿಯನ್ನು ಒತ್ತಿದರೆ ಅದು ಪದರವನ್ನು ತೂರಿ ಸುಳ್ಳು ಹೇಳುತ್ತದೆ. ಸದ್ದು ಬಂದರೆ ಪದರ ಇಲ್ಲ. ಸದ್ದು ಬಾರದಿದ್ದರೆ ಪದರ ಇದೆ.

ನಮ್ಮ ಬ್ರಾಕೆಟ್ ಸದ್ದು ಮಾಡಿತು. ಅದನ್ನು ತೆಳು ಅಲ್ಯೂಮಿನಿಯಂ ತಂತಿಯಿಂದ ತೂಗು ಹಾಕಿದ್ದರು. ಆಮ್ಲವನ್ನು ಕಲಕಲು ಬಿಡುವ ಗಾಳಿಗೆ ಭಾಗ ತೂಗಾಡಿ ಹಿಡಿತ ಸಡಿಲವಾಗಿತ್ತು. ಸಂಪರ್ಕದ ಚುಕ್ಕೆ ಒಮ್ಮೆ ಕದಲಿದರೆ ಮುಗಿಯಿತು: ಅಷ್ಟರಲ್ಲಿ ತಂತಿಯ ಮೇಲೂ ಪದರ ಕಟ್ಟಿರುತ್ತದೆ, ಅದೇ ತಂತಿ ಮತ್ತೆ ತಾಗಿದರೂ ಕರೆಂಟು ಹೋಗುವುದಿಲ್ಲ. ತೂಗಾಡುವ ಸಂಪರ್ಕ ಇಲ್ಲಿ ಕೆಲಸಕ್ಕೆ ಬಾರದು. ಒತ್ತಿ ಹಿಡಿಯುವ ಸ್ಪ್ರಿಂಗ್ ಹಿಡಿಕೆ ಅಥವಾ ಬೋಲ್ಟಿನ ಬಿಗಿ ಬೇಕು. ಭಾಗವನ್ನು ಹಿಡಿದು ಕರೆಂಟು ಕೊಡುವ ಚೌಕಟ್ಟು, ಅಂದರೆ ಜಿಗ್, ಟೈಟಾನಿಯಂನದಾದರೆ ಪದೇ ಪದೇ ಬಳಸಬಹುದು, ಬೆಲೆ ಹೆಚ್ಚು. ಅಲ್ಯೂಮಿನಿಯಂ ಜಿಗ್ ಆದರೆ ಪ್ರತಿ ಸುತ್ತಿನ ನಂತರ ಕಾಸ್ಟಿಕ್‌ನಲ್ಲಿ ಅದ್ದಿ ಅದರ ಪದರ ತೆಗೆಯಲೇಬೇಕು. ನೆನ್ನೆಯ ಜಿಗ್ಗನ್ನು ತೊಳೆಯದೆ ಇಂದು ಬಳಸಿದ್ದರಿಂದಲೇ ಇಡೀ ಸುತ್ತು ಬೆಳ್ಳಗೆ ಬಂದದ್ದನ್ನು ನಾನು ಕಂಡಿದ್ದೇನೆ.

ಈ ದೋಷವನ್ನು ಕೆಲಸ ನಡೆಯುತ್ತಿರುವಾಗಲೇ ಹಿಡಿಯಬಹುದು. ಭಾಗಗಳ ಒಟ್ಟು ಮೈ ಅಳತೆಯನ್ನು ಚದರ ಡೆಸಿಮೀಟರಿನಲ್ಲಿ ಲೆಕ್ಕ ಹಾಕಿ, ಚದರ ಡೆಸಿಮೀಟರಿಗೆ 1.5 ಆಂಪಿಯರ್ ಎಂದು ಗುಣಿಸಿ. ಅಷ್ಟು ಆಂಪಿಯರನ್ನು ಕೂರಿಸಿದಾಗ ವೋಲ್ಟೇಜ್ ಎಂದಿನ 14-18ಕ್ಕಿಂತ ಮೇಲೆ ಏರುತ್ತಿದ್ದರೆ, ಯಾವುದೋ ಭಾಗ ಸಂಪರ್ಕ ಕಳೆದುಕೊಂಡಿದೆ, ಅದರ ಪಾಲಿನ ಕರೆಂಟು ಉಳಿದವುಗಳ ಮೇಲೆ ಬೀಳುತ್ತಿದೆ ಎಂದೇ ಮೊದಲು ಅನುಮಾನಿಸಿ.

ಮೀಟರ್ ಸದ್ದು ಮಾಡದೆ ಬಣ್ಣವೂ ಹತ್ತದಿದ್ದರೆ ಕತೆ ಬೇರೆ. ಪದರ ತೆಳುವಾಗಿದ್ದರೆ ಕಪ್ಪು ಕೂರುವುದಿಲ್ಲ. ಕಪ್ಪಿಗೆ ಕನಿಷ್ಠ 12-15 ಮೈಕ್ರಾನ್ ಬೇಕು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ನಡುವೆ ಬಿಸಿನೀರಲ್ಲಿ ತೊಳೆದರೆ ಅಥವಾ ಭಾಗವನ್ನು ಒಣಗಲು ಬಿಟ್ಟು ಊಟಕ್ಕೆ ಹೋದರೆ ರಂಧ್ರಗಳು ಮುಚ್ಚತೊಡಗುತ್ತವೆ. ಸರಿಯಾಗಿ ತೊಳೆಯದ ಆಮ್ಲ ಬಣ್ಣದ ತೊಟ್ಟಿಗೆ ಸೇರುತ್ತಾ ಹೋದರೆ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿದು ಬಣ್ಣ ದಿನೇ ದಿನೇ ಸೋಲುತ್ತದೆ. ಬಣ್ಣದ ಪುಡಿಯನ್ನು ಅನುಮಾನಿಸಬೇಕಾದದ್ದು ಇಷ್ಟೆಲ್ಲ ನೋಡಿದ ಮೇಲೆ.

ಬೆರಳಿಗೆ ಬಿಳಿ ಪುಡಿ ಹತ್ತಿದರೆ

ಇದು ಎಲ್ಲ ಭಾಗಗಳಿಗೂ ಒಟ್ಟಿಗೇ ಬರುವ ದೋಷ, ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು. ಪದರ ಬೆಳೆಯುವಾಗಲೇ ಆಮ್ಲ ಅದನ್ನು ಕರಗಿಸುತ್ತಲೂ ಇರುತ್ತದೆ. ಬೆಳೆಯುವ ವೇಗ ಕರೆಂಟಿಗೆ ಸೇರಿದ್ದು, ಕರಗುವ ವೇಗ ಬಿಸಿಗೆ ಸೇರಿದ್ದು. 18ರಿಂದ 21 ಡಿಗ್ರಿಯಲ್ಲಿ ಬೆಳವಣಿಗೆ ಗೆಲ್ಲುತ್ತದೆ. 25 ದಾಟಿದಂತೆ ಪದರದ ಮೇಲ್ಮೈ ಸಡಿಲವಾಗಿ ಸುಣ್ಣದ ಗೋಡೆಯಂತೆ ಕೈಗೆ ಹತ್ತುತ್ತದೆ. ಬಣ್ಣವನ್ನೇನೋ ಧಾರಾಳವಾಗಿ ಕುಡಿಯುತ್ತದೆ, ಆದ್ದರಿಂದ ಆ ಹೊತ್ತಿಗೆ ಚೆನ್ನಾಗಿಯೇ ಕಾಣುತ್ತದೆ. ಕಾರಿಗೆ ಹಾಕಿ ಒಂದು ತಿಂಗಳಾದ ಮೇಲೆ ಬಟ್ಟೆಯಿಂದ ಒರೆಸಿದರೆ ಬಣ್ಣವೂ ಪದರವೂ ಒಟ್ಟಿಗೇ ಬರುತ್ತವೆ.

ಬಿಸಿ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಭಯವೇ ಆಗುತ್ತದೆ. ಒಂದು ಚದರ ಮೀಟರ್ ಮೈಗೆ 150 ಆಂಪಿಯರ್, 16 ವೋಲ್ಟ್. ಅಂದರೆ 2,400 ವಾಟ್, ಒಂದು ದೊಡ್ಡ ನೀರು ಕಾಯಿಸುವ ಹೀಟರಿನಷ್ಟು. ಅರ್ಧ ಗಂಟೆಯಲ್ಲಿ 500 ಲೀಟರಿನ ತೊಟ್ಟಿ ಕನಿಷ್ಠ 2 ಡಿಗ್ರಿ ಏರುತ್ತದೆ. ಆಕ್ಸೈಡ್ ಹುಟ್ಟುವಾಗಿನ ಶಾಖ ಬೇರೆ ಸೇರುತ್ತದೆ. ಹೊರಗೆ 37 ಡಿಗ್ರಿ ಬಿಸಿಲು, ಮೇಲೆ ತಗಡಿನ ಚಾವಣಿ. ಬೆಳಿಗ್ಗೆ 20ಕ್ಕೆ ಶುರು ಮಾಡಿದರೆ ಮೂರನೆಯ ಸುತ್ತಿಗೆ ತೊಟ್ಟಿ 27ಕ್ಕೆ ಬಂದಿರುತ್ತದೆ. "ಬೆಳಗಿನ ಮಾಲು ಚೆನ್ನಾಗಿತ್ತು, ಮಧ್ಯಾಹ್ನದ್ದು ಹಾಳಾಯಿತು" ಎಂಬ ದೂರು ಬಂದರೆ ಬೇರೇನೂ ಹುಡುಕದೆ ಥರ್ಮಾಮೀಟರ್ ಅದ್ದಿ.

ಇದಕ್ಕೆ ಶಾಶ್ವತ ಮದ್ದು ಆಮ್ಲವನ್ನು ತಂಪಾಗಿಡುವ ಯಂತ್ರ, ಚಿಲ್ಲರ್. ಅದನ್ನು ಕೊಳ್ಳುವ ಶಕ್ತಿ ಇಲ್ಲದ ದಿನಗಳಲ್ಲಿ ನಾವು ನೀರು ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಕ್ಯಾನುಗಳನ್ನು ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದೆವು. ಮೇಲೆ ಹೇಳಿದ ಒಂದು ಸುತ್ತಿನ ಬಿಸಿಯನ್ನು ಹೀರಲು ಸುಮಾರು 13 ಕಿಲೋ ಮಂಜುಗಡ್ಡೆ ಕರಗಬೇಕು. ಪೇಟೆಯ ಐಸನ್ನು ನೇರವಾಗಿ ಆಮ್ಲಕ್ಕೆ ಸುರಿಯುವುದು ಮಾತ್ರ ಬೇಡ. ಆಮ್ಲ ತೆಳುವಾಗುತ್ತದೆ, ಆ ನೀರಿನ ಕ್ಲೋರೈಡ್ ತೊಟ್ಟಿಗೆ ಸೇರುತ್ತದೆ. ಬೇಸಿಗೆಯಲ್ಲಿ ನಸುಕಿನ ಐದಕ್ಕೆ ಕೆಲಸ ಆರಂಭಿಸಿ ಹತ್ತಕ್ಕೆ ಮುಗಿಸುವುದು ಈಗಲೂ ಒಳ್ಳೆಯ ಪದ್ಧತಿ.

ಬಿಸಿ ಸರಿಯಾಗಿದ್ದೂ ಪುಡಿ ಬರುತ್ತಿದ್ದರೆ ಹೊತ್ತು ಹೆಚ್ಚಾಗಿರಬಹುದು. ಪದರದ ದಪ್ಪಕ್ಕೆ ಒಂದು ಸುಲಭ ಲೆಕ್ಕವಿದೆ: ಚದರ ಡೆಸಿಮೀಟರಿಗೆ ಎಷ್ಟು ಆಂಪಿಯರ್ ಎಂಬುದನ್ನು ನಿಮಿಷಗಳಿಂದ ಗುಣಿಸಿ, ಮತ್ತೆ 0.3ರಿಂದ ಗುಣಿಸಿದರೆ ಸರಿಸುಮಾರು ಮೈಕ್ರಾನ್ ಸಿಗುತ್ತದೆ. 1.5 ಆಂಪಿಯರ್, 40 ನಿಮಿಷ ಆದರೆ 18 ಮೈಕ್ರಾನ್. ಇನ್ನೂ ಒಂದು ಗಂಟೆ ಬಿಟ್ಟರೆ ದಪ್ಪ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಹೊರಮೈ ಸವೆಯುತ್ತದೆ. ಆಮ್ಲದ ಸಾಂದ್ರತೆ ಲೀಟರಿಗೆ 160ರಿಂದ 200 ಗ್ರಾಂ ಇರಲಿ. ಕರಗಿದ ಅಲ್ಯೂಮಿನಿಯಂ ಲೀಟರಿಗೆ 20 ಗ್ರಾಂ ಮುಟ್ಟುವ ಮೊದಲೇ ತೊಟ್ಟಿಯ ಒಂದಷ್ಟು ಆಮ್ಲ ತೆಗೆದು ಹೊಸದು ತುಂಬಬೇಕು. ಹೊಸದು ತುಂಬುವಾಗ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಎಂದಿಗೂ ಹಾಕಬೇಡಿ.

ಇದಕ್ಕೆ ವಿರುದ್ಧ ದೋಷ ಅಂಚು ಸುಡುವುದು. ಸಂಪರ್ಕದ ಪಕ್ಕ ಅಥವಾ ಚೂಪು ಮೂಲೆಯಲ್ಲಿ ಲೋಹ ತಿಂದುಹೋದಂತೆ ಕಾಣುತ್ತದೆ. ಕರೆಂಟನ್ನು ಒಂದೇಟಿಗೆ ಏರಿಸಿದರೆ, ಹಿಡಿಕೆ ತೀರಾ ಚಿಕ್ಕದಾಗಿದ್ದರೆ, ಕಲಕುವ ಗಾಳಿ ನಿಂತುಹೋಗಿದ್ದರೆ ಹೀಗಾಗುತ್ತದೆ. ಎರಡು ನಿಮಿಷದಲ್ಲಿ ಮೆಲ್ಲಗೆ ಏರಿಸಿ. ಗಾಳಿಗೆ ಕಂಪ್ರೆಸರ್ ಬದಲು ಬ್ಲೋವರ್ ಬಳಸಿ, ಕಂಪ್ರೆಸರಿನ ಎಣ್ಣೆ ತೊಟ್ಟಿಗೆ ಬರುತ್ತದೆ.

ಚುಕ್ಕೆಗಳು, ತೇಪೆಗಳು, ತೂತಿನ ಸುತ್ತ ಬಿಳಿ ಗೆರೆ

ಸೂಜಿಯಿಂದ ಚುಚ್ಚಿದಂಥ ಗುಂಡಿಗಳು ಕಂಡರೆ ನೀರನ್ನು ಅನುಮಾನಿಸಿ. ಹುಬ್ಬಳ್ಳಿ-ಧಾರವಾಡದಲ್ಲಿ ನಲ್ಲಿಗೆ ಬರುವ ಮಲಪ್ರಭೆಯ ನೀರಿಗೂ ಶೆಡ್ಡಿನ ಕೊಳವೆಬಾವಿಯ ನೀರಿಗೂ ಬಹಳ ಅಂತರವಿದೆ. ಗದಗದ ಕಡೆಯ ಕೊಳವೆಬಾವಿ ನೀರಿನ ಗಡಸುತನ ಅಲ್ಲಿನವರಿಗೆ ಹೇಳಬೇಕಾಗಿಲ್ಲ. ತೊಟ್ಟಿಯಲ್ಲಿ ಕ್ಲೋರೈಡ್ ಲೀಟರಿಗೆ 0.1 ಗ್ರಾಂ ಮೀರಿದರೆ ಗುಂಡಿ ಬೀಳುವ ಅಪಾಯ. ಬಳಸುವ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಬಿಟ್ಟು ನೋಡಿ. ಹಾಲಿನಂತೆ ಬಿಳಿದಾದರೆ ಆ ನೀರಿನಿಂದ ಆಮ್ಲದ ತೊಟ್ಟಿ ತುಂಬಿಸಬೇಡಿ. ಆರ್‌ಒ ಅಥವಾ ಖನಿಜ ತೆಗೆದ ನೀರು ತರಿಸಿ. ಒದ್ದೆ ಗೋಣಿಯಲ್ಲಿ ವಾರಗಟ್ಟಲೆ ಬಿದ್ದಿದ್ದ ಭಾಗದಲ್ಲಿ ಗುಂಡಿಗಳು ಮೊದಲೇ ಇರುತ್ತವೆ, ಕಾಸ್ಟಿಕ್ ಅವನ್ನು ಅಗಲ ಮಾಡಿ ತೋರಿಸುತ್ತದೆ. ಮಾಲು ಪಡೆಯುವಾಗಲೇ ಭೂತಗನ್ನಡಿಯಲ್ಲಿ ನೋಡಿ ತಂದವರಿಗೂ ತೋರಿಸಿಬಿಡಿ, ಆಮೇಲಿನ ಜಗಳ ತಪ್ಪುತ್ತದೆ.

ತೇಪೆಗಳಿಗೆ ಕಾರಣ ಬಹುತೇಕ ಜಿಡ್ಡು. ನನ್ನ ಸಹಾಯಕ ಬೆಟಗೇರಿಯ ನೇಕಾರರ ಮನೆಯವನು. ಗಂಜಿ ಸರಿಯಾಗಿ ಹೋಗದ ನೂಲಿಗೆ ಬಣ್ಣ ಒಂದೇ ಸಮ ಕೂರುವುದಿಲ್ಲ ಎಂದು ಅವನಿಗೆ ಬಾಲ್ಯದಿಂದಲೇ ಗೊತ್ತು. ಈ ಒಂದು ವಿಷಯವನ್ನು ನಾನು ಅವನಿಗೆ ಕಲಿಸಬೇಕಾಗಲಿಲ್ಲ. ತೊಳೆದ ಭಾಗವನ್ನು ನೀರಿನಿಂದ ಎತ್ತಿದಾಗ ನೀರು ಒಂದೇ ಪರದೆಯಾಗಿ ಇಳಿಯಬೇಕು. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ, ಮತ್ತೆ ತೊಳೆಯಿರಿ.

ಥ್ರೆಡ್ ಹಾಕಿದ, ಆಚೆ ಬದಿಗೆ ತೆರೆಯದ ಕುರುಡು ತೂತುಗಳ ಸುತ್ತ ಬಣ್ಣ ಬಿಳಿಚಿದ್ದರೆ ಅದು ತೂತಿನೊಳಗೆ ಉಳಿದ ಆಮ್ಲ ಮೆಲ್ಲಗೆ ಜಿನುಗಿದ ಗುರುತು. ಸಿಲಿಕೋನ್ ಬಿರಡೆ ಹಾಕಿ, ಇಲ್ಲವೇ ಬಣ್ಣಕ್ಕೆ ಇಳಿಸುವ ಮುನ್ನ ತೂತುಗಳಿಗೆ ನೀರು ಚಿಮ್ಮಿಸಿ, ಅಡಿಗೆ ಸೋಡಾ ದ್ರಾವಣದಲ್ಲಿ ಅದ್ದಿ, ಮತ್ತೆ ತೊಳೆಯಿರಿ. ಸ್ಟ್ರಟ್ ಬಾರಿನಂಥ ಪೊಳ್ಳು ಕೊಳವೆಯ ಎರಡೂ ತುದಿ ಬೆಸೆದು ಮುಚ್ಚಿದ್ದರೆ, ನೀರು ಬಸಿಯಲು ತೂತು ಕೊರೆಸದೆ ಕೆಲಸಕ್ಕೆ ಒಪ್ಪಬೇಡಿ. ಬೆಸುಗೆಯ ಸೂಕ್ಷ್ಮ ಬಿರುಕಿನಿಂದ ಒಳಹೊಕ್ಕ ಆಮ್ಲ ತಿಂಗಳುಗಳ ನಂತರ ಕಾರಿನ ಮೇಲೆಯೇ ಹೊರಬರುತ್ತದೆ.

ಬಿಳಿ ಬಟ್ಟೆಗೆ ಕಪ್ಪು ಹತ್ತಿದರೆ

ಸ್ಪಿರಿಟ್ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಂದರೆ ಸೀಲಿಂಗ್ ಸೋತಿದೆ. ಬಿಸಿನೀರಿನ ಸೀಲಿಂಗ್‌ಗೆ 96 ಡಿಗ್ರಿಗಿಂತ ಹೆಚ್ಚು ಬಿಸಿ, 5.5ರಿಂದ 6.5ರ ಪಿಎಚ್, ಮೈಕ್ರಾನಿಗೆ 2ರಿಂದ 3 ನಿಮಿಷ ಬೇಕು. 18 ಮೈಕ್ರಾನ್ ಪದರಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಎತ್ತಿದರೆ ಆಗುವುದಿಲ್ಲ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 98ರ ಸಮೀಪ. ಥರ್ಮಾಮೀಟರ್ 100 ತೋರಿಸುತ್ತಿಲ್ಲವೆಂದು ಅದನ್ನು ಬದಲಿಸಬೇಡಿ. ಆದರೆ ನಮಗೆ ಸಿಗುವ ಅಂತರ ಎರಡೇ ಡಿಗ್ರಿ, ಮುಚ್ಚಳ ತೆರೆದಿಟ್ಟರೆ ಅದೂ ಹೋಗುತ್ತದೆ. ಕೊಳವೆಬಾವಿ ನೀರಿನ ಸಿಲಿಕೇಟ್ ಸೀಲಿಂಗನ್ನು ತಡೆಯುತ್ತದೆ, ಆದ್ದರಿಂದ ಇಲ್ಲಂತೂ ಖನಿಜ ತೆಗೆದ ನೀರೇ ಬೇಕು. ಬಣ್ಣ ಹಾಕಿದ ಭಾಗಗಳಿಗೆ ನಿಕಲ್ ಅಸಿಟೇಟ್ ಸೇರಿಸಿದ ಸೀಲಿಂಗ್ ಒಳ್ಳೆಯದು, ಬಣ್ಣ ನೀರಿಗೆ ಬಿಡುವುದು ಕಡಿಮೆಯಾಗುತ್ತದೆ. ನಿಕಲ್ ಲವಣ ವಿಷ, ಬರಿಗೈ ಅದ್ದಬಾರದು, ಮೋರಿಗೆ ಚೆಲ್ಲಬಾರದು.

ಆನೋಡೈಸಿಂಗೇ ಬೇಡವಾದಾಗ

ಕೆಲವು ದೋಷಗಳನ್ನು ತೊಟ್ಟಿಯಲ್ಲಿ ಹುಡುಕಿ ಫಲವಿಲ್ಲ. ಭಾಗಕ್ಕೆ ಆರಿಸಿದ ಲೇಪವೇ ತಪ್ಪಾಗಿರುತ್ತದೆ.

ವಾಲ್ವ್ ಕವರ್ ಅಂಥದ್ದು. ಅದರ ಬೂದು ಪದರ ತೆಗೆಸಿ ಪೌಡರ್ ಕೋಟಿಂಗ್‌ಗೆ ಕಳಿಸಿದೆ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು: ಎರಕದ ಲೋಹದ ಒಳಗಿನ ಗುಳ್ಳೆಗಳಲ್ಲಿ ಗಾಳಿ, ಎಣ್ಣೆ ಸೇರಿರುತ್ತವೆ, ಒಲೆಯಲ್ಲಿ 180-200 ಡಿಗ್ರಿಗೆ ಕಾದಾಗ ಅವು ಹೊರಬಂದು ಲೇಪದಲ್ಲಿ ಬೊಕ್ಕೆ ಏಳಿಸುತ್ತವೆ. ಪುಡಿ ಹಾಕುವ ಮೊದಲೇ ಒಮ್ಮೆ ಅಷ್ಟೇ ಬಿಸಿಯಲ್ಲಿ ಬೇಯಿಸಿ ತೆಗೆಯಬೇಕು. ಅಲಾಯ್ ಚಕ್ರಗಳಿಗೂ ನಾನು ಪೌಡರ್ ಅಥವಾ ಪೇಂಟನ್ನೇ ಹೇಳುತ್ತೇನೆ. ಅವುಗಳಲ್ಲಿ ಹೆಚ್ಚಿನವು ಶೇಕಡಾ 7ರಷ್ಟು ಸಿಲಿಕಾನ್ ಇರುವ ಎ356 ಎರಕ. ಅಲ್ಲದೆ ಆನೋಡೈಸ್ ಪದರ ಪಿಎಚ್ 4ರಿಂದ 9ರ ನಡುವೆ ಮಾತ್ರ ಬಾಳುತ್ತದೆ. ಚಕ್ರ ತೊಳೆಯುವ ಕಡು ಕ್ಷಾರದ, ಕಡು ಆಮ್ಲದ ರಾಸಾಯನಿಕ ಒಂದೇ ತೊಳೆತಕ್ಕೆ ಅದನ್ನು ಬಿಳಿಚಿಸುತ್ತದೆ. ಚಕ್ರವನ್ನು ಒಲೆಯಲ್ಲಿ 200 ಡಿಗ್ರಿ ಮೀರಿ ಕಾಯಿಸಬಾರದು, ಪದೇ ಪದೇ ಬೇಯಿಸಲೂಬಾರದು. ಉಷ್ಣ ಸಂಸ್ಕಾರದಿಂದ ಬಂದ ಅದರ ಬಲ ಕುಗ್ಗುತ್ತದೆ, ಮತ್ತು ಅದರ ಮೇಲೆ ಜೀವಗಳು ಕೂತಿರುತ್ತವೆ.

ಸೈಲೆನ್ಸರ್ ಕೊಳವೆಯ ಪಕ್ಕದ ಭಾಗಕ್ಕೆ ಬಣ್ಣದ ಆನೋಡೈಸಿಂಗ್ ಬೇಡ. ಲೋಹ ಹಿಗ್ಗಿದಷ್ಟು ಆಕ್ಸೈಡ್ ಹಿಗ್ಗದು. 80-100 ಡಿಗ್ರಿ ದಾಟಿದಂತೆ ಪದರದಲ್ಲಿ ಜೇಡರ ಬಲೆಯಂಥ ಬಿರುಕುಗಳು ಏಳುತ್ತವೆ. ಡ್ಯಾಶ್‌ಬೋರ್ಡಿನ ತುಂಡುಗಳಿಗೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕೇಳಿಕೊಂಡು ಬರುವವರು ಬಹಳ. ಬಣ್ಣ ಅಷ್ಟೇ ಚೆಂದವಾಗಿ ಬರುತ್ತದೆ, ಆದರೆ ಗಾಜಿನ ಹಿಂದಿನ ಬಿಸಿಲಿಗೆ ಅಗ್ಗದ ಬಣ್ಣದ ಪುಡಿಗಳು ಬೇಗ ಮಾಸುತ್ತವೆ. ಬಿಸಿಲು ತಾಳುವ ದರ್ಜೆಯ ಬಣ್ಣ ಕೇಳಿ ತರಿಸಿ. ಕಪ್ಪೇ ಆಗಬಹುದಾದರೆ ತವರದ ಲವಣದಿಂದ ವಿದ್ಯುತ್ ಮೂಲಕ ರಂಧ್ರದ ತಳದಲ್ಲಿ ಕೂರಿಸುವ ಕಪ್ಪು ಎಲ್ಲಕ್ಕಿಂತ ಬಾಳಿಕೆಯದು.

ಜಾರುವ, ಉಜ್ಜುವ ಭಾಗಗಳಿಗೆ ಗಡಸು ಆನೋಡೈಸಿಂಗ್ ಸರಿ. ಸೊನ್ನೆಯಿಂದ 5 ಡಿಗ್ರಿಯ ಆಮ್ಲ, ಹೆಚ್ಚು ಕರೆಂಟು, 40-50 ಮೈಕ್ರಾನ್ ಪದರ. ಅದು ತಾನಾಗಿಯೇ ಗಾಢ ಬೂದಾಗಿ ಬರುತ್ತದೆ, ಉಜ್ವಲ ಬಣ್ಣ ನಿರೀಕ್ಷಿಸಬೇಡಿ. ಪದರದ ಅರ್ಧ ಹೊರಕ್ಕೆ ಬೆಳೆಯುವುದರಿಂದ 50 ಮೈಕ್ರಾನಿಗೆ ತೂತಿನ ವ್ಯಾಸ 50 ಮೈಕ್ರಾನ್ ಕಿರಿದಾಗುತ್ತದೆ, ಥ್ರೆಡ್ಡಿನ ಪಿಚ್ ವ್ಯಾಸ (ಹಲ್ಲುಗಳ ನಡು ಎತ್ತರದಲ್ಲಿ ಅಳೆಯುವ ವ್ಯಾಸ) 100 ಮೈಕ್ರಾನಿನಷ್ಟು. "ಆನೋಡೈಸ್ ಆದ ಮೇಲೆ ಬೋಲ್ಟ್ ಹೋಗುತ್ತಿಲ್ಲ" ಎಂಬುದರ ಕಾರಣ ಇದೇ. ಥ್ರೆಡ್ಡುಗಳನ್ನು ಮುಚ್ಚಿ ಕೆಲಸ ಮಾಡಿ. ಬ್ಯಾಟರಿಯ ಅರ್ಥ್ ತಂತಿ ಕೂರುವ ಜಾಗವನ್ನೂ ಮುಚ್ಚಿ. ಪದರ ವಿದ್ಯುತ್ ನಿರೋಧಕ ಎಂಬುದನ್ನು ಮರೆತು ಪೂರ್ತಿ ಆನೋಡೈಸ್ ಮಾಡಿದ ಬ್ರಾಕೆಟ್ಟಿನಿಂದ ಸೆನ್ಸರ್ ಕೈಕೊಟ್ಟು, ಮೆಕ್ಯಾನಿಕ್ ದಿನವಿಡೀ ವೈರಿಂಗ್ ಹುಡುಕಿದ ಸಂದರ್ಭ ನನ್ನ ಕಣ್ಣ ಮುಂದಿದೆ. ಅಲ್ಲಿ ವಿದ್ಯುತ್ ಹರಿಯಗೊಡುವ ಟ್ರೈವೇಲೆಂಟ್ ಕ್ರೋಮಿಯಂ ಕನ್ವರ್ಶನ್ ಲೇಪ (ರಾಸಾಯನಿಕದಲ್ಲಿ ಅದ್ದಿ ಪಡೆಯುವ ತೆಳು ಪದರ) ಸಾಕಾಗುತ್ತದೆ.

ಮತ್ತೆ ಮಾಡುವ ಮುನ್ನ

ಹಾಳಾದ ಪದರವನ್ನು ಕಾಸ್ಟಿಕ್‌ನಲ್ಲಿ ತೆಗೆದರೆ ಪದರವಾಗಿ ಮಾರ್ಪಟ್ಟಿದ್ದ ಲೋಹ ಹೋಗುತ್ತದೆ, ಕೆಳಗಿನ ಲೋಹವೂ ಒಂದಷ್ಟು ಕರಗುತ್ತದೆ. ಅಲಂಕಾರದ ಭಾಗಕ್ಕೆ ಒಮ್ಮೆ ಇದು ನಡೆಯುತ್ತದೆ. ಬೇರಿಂಗ್ ಕೂರುವ ತೂತಿದ್ದರೆ ಅಳತೆ ತಪ್ಪುತ್ತದೆ. ಆದ್ದರಿಂದ ಮೊದಲು ಮೈಕ್ರೋಮೀಟರಿನಲ್ಲಿ ಅಳೆದು, ಗ್ರಾಹಕರಿಗೆ ಹೇಳಿ, ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಬೆಳ್ಳಗೆ ಉಳಿದ ಬ್ರಾಕೆಟ್ಟಿಗೆ ತೆಗೆಯುವ ಪದರವೇ ಇರಲಿಲ್ಲ. ಬೋಲ್ಟ್ ಬಿಗಿದು ಇಳಿಸಿದೆವು, 40 ನಿಮಿಷದಲ್ಲಿ ಸಂಗಾತಿಗಳಷ್ಟೇ ಕಪ್ಪಾಯಿತು. ಕಂದಾಗಿದ್ದನ್ನು ಹುಡುಗ 6061ರಲ್ಲಿ ಹೊಸದಾಗಿ ಕೊರೆಸಿ ತಂದ. ಸ್ಟ್ರಟ್ ಬಾರಿನ ಬೆಸುಗೆಯ ಗೆರೆಯನ್ನು ಅವನಿಗೆ ಬಿಸಿಲಿನಲ್ಲಿ ತಿರುಗಿಸಿ ತೋರಿಸಿ, ಕಾರಣ ಹೇಳಿ, ಬೆಸುಗೆ ಕೆತ್ತಿಸಿ 5356ರಲ್ಲಿ ಮತ್ತೆ ಹಾಕಿಸುವೆಯಾ ಎಂದು ಕೇಳಿದೆ. ಅವನು ಬೇಡವೆಂದು ಹಾಗೆಯೇ ಒಯ್ದ. ಚೀಟಿಯಲ್ಲಿ ಆ ಗೆರೆಯ ವಿಷಯ ಬರೆದು ಸಹಿ ಹಾಕಿಸಿಕೊಂಡೆ.